ಹೆಸರಿನ ಅಕ್ಕಪಕ್ಕದ ಎರಡು ಗೆರೆ

ಬರೆದ ಹೆಸರನ್ನು ವಾಪಸ್ ಓದಿದಾಗ ಅದೇ ಹೆಸರು ಬರಬೇಕು. ನಾನು ಹೇಳೋಕೆ ಹೊರಟಿರೋದು ಇಷ್ಟೇ. ಕೇಳೋಕೆ ಚಿಕ್ಕ ಮಾತು. ಆದರೆ ನಮ್ಮ ಜನ ಕಚೇರಿ, ಶಾಲೆ, ಸ್ಟೇಷನ್ನು, ಕೋರ್ಟು ಅಂತ ಅಲೆದದ್ದರಲ್ಲಿ ಅರ್ಧ ಅಲೆದಾಟ ಇದಕ್ಕೇ. ಪೋಸ್ಟು ಉದ್ದ ಇದೆ, ಮಧ್ಯದಲ್ಲಿ ಒಂದಷ್ಟು ಕಂಪ್ಯೂಟರ್ ವಿಷಯ ಬರುತ್ತೆ. ಬಿಟ್ಟು ಹೋಗಬೇಡಿ ಗೆಳೆಯರೇ. ಕೊನೆಗೆ ಇದು ಪೊಲೀಸ್ ಸ್ಟೇಷನ್ನಿಗೇ ಬಂದು ನಿಲ್ಲುತ್ತೆ.

ಮೊದಲು ಸಮಸ್ಯೆ ಹೇಳ್ತೀನಿ. ಸಂಘದ ಕೆಲಸ ಮಾಡೋ ಎಲ್ಲರ ಹತ್ರಾನೂ ಹಳೇ ಪಟ್ಟಿಗಳು ರಾಶಿ ಬಿದ್ದಿವೆ. ನಿವೇಶನಕ್ಕೆ ಅರ್ಜಿ ಹಾಕಿದವರು, ಸ್ಮಶಾನದ ಜಾಗಕ್ಕೆ ಸಹಿ ಹಾಕಿದವರು, ಬಹಿಷ್ಕಾರಕ್ಕೆ ಸಿಕ್ಕಿದ ಮನೆಯವರು. ಹದಿನೈದು ಇಪ್ಪತ್ತು ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ ಕೂತು ನುಡಿ, ಬರಹ, ಶ್ರೀಲಿಪಿಯಲ್ಲಿ ಮಾಡಿಸಿದ್ದು. ಈಗ ಯಾವ ಕಚೇರಿಗೆ ಹೋದರೂ ‘ಯೂನಿಕೋಡ್‌ನಲ್ಲಿ ತನ್ನಿ’ ಅಂತಾರೆ. ಹಾಗೆ ಒಂದು ಕೇರಿಯ ಮನೆಗಳ ಪಟ್ಟಿಯನ್ನ ಒಂದು ಅಂಗಡಿಯಲ್ಲಿ ಕನ್ವರ್ಟ್ ಮಾಡಿಸಿ ಕೊಟ್ವಿ. ಕಚೇರಿಯಿಂದ ಬಂದ ಮಾತು: ‘ನೀವು 61 ಮನೆ ಅಂತೀರಿ, ಪಟ್ಟಿಯಲ್ಲಿ 60 ಇದೆ.’ ಒಂದು ಮನೆ ಎಲ್ಲಿ ಹೋಯ್ತು?

ನನ್ನ ಅಕ್ಕನ ಮಗಳು ಇಂಜಿನಿಯರಿಂಗ್ ಓದ್ತಾಳೆ. ಭಾನುವಾರ ಭಾನುವಾರ ಕೃಷ್ಣಮೂರ್ತಿಪುರಂನ ನನ್ನ ರೂಮಿಗೆ ಬಂದು ಲ್ಯಾಪ್‌ಟಾಪ್ ತೆಗೆದು ಕೂತ್ಕೋತಾಳೆ. ಪಟ್ಟಿ ಅವಳ ಮುಂದೆ ಇಟ್ಟೆ. ‘ಮಾವ, ಇದಕ್ಕೆ ಉತ್ತರ ನಾನು ಓದ್ತಿರೋ ಭಾಷೆಯಲ್ಲೇ ಇದೆ’ ಅಂದಳು. ಆ ಭಾಷೆ ಹೆಸರು ಸ್ಕೀಮ್. ಸರ್ಕಾರದ ಸ್ಕೀಮ್ ಅಲ್ಲ. ಕಂಪ್ಯೂಟರಿಗೆ ಕೆಲಸ ಹೇಳೋ ಭಾಷೆ. 1975ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ಅನ್ನೋ ಇಬ್ಬರು ಕಟ್ಟಿದ್ದು. ಅದಕ್ಕೂ ಮೊದಲೇ, 1950ರ ದಶಕದ ಕೊನೆಗೆ, ಜಾನ್ ಮೆಕಾರ್ಥಿ ಶುರು ಮಾಡಿದ ಲಿಸ್ಪ್ ಭಾಷೆಯ ಮನೆತನದ್ದು. ಎಲ್ಲಾನೂ ಕಂಸದೊಳಗೆ ಪಟ್ಟಿ ಮಾಡಿ ಬರೆಯೋದು ಇದರ ರೀತಿ.

ಈ ಭಾಷೆಯಲ್ಲಿ ‘ಸಿಂಬಲ್’ ಅಂತ ಒಂದಿದೆ. ಸಿಂಬಲ್ ಅಂದ್ರೆ ಹೆಸರು, ಬೇರೇನಲ್ಲ. ಅದರ ನಿಯಮ ಒಂದೇ ಸಾಲಿನದು: ಕಾಗುಣಿತ ಒಂದೇ ಆದರೆ ಎರಡೂ ಒಂದೇ ಸಿಂಬಲ್, ಒಂದು ಅಕ್ಷರ ಬೇರೆ ಆದರೂ ಅದು ಬೇರೆ ಸಿಂಬಲ್. ನೋಡೋಕೆ ಹತ್ತಿರ ಇದೆ, ಅವರೇ ಇರಬಹುದು, ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನೋದು ಅಲ್ಲಿ ನಡೆಯಲ್ಲ. ‘ರೈಟ್’ ಅಂತ ಒಂದು ಕೆಲಸ ಇದೆ, ಅದು ಹೆಸರನ್ನ ಹೊರಗೆ ಬರೆಯುತ್ತೆ. ‘ರೀಡ್’ ಅಂತ ಇನ್ನೊಂದಿದೆ, ಅದು ಬರೆದದ್ದನ್ನ ವಾಪಸ್ ಒಳಗೆ ಓದಿಕೊಳ್ಳುತ್ತೆ. ರೈಟ್ ಮಾಡಿದ್ದನ್ನ ರೀಡ್ ಮಾಡಿದರೆ ಮೊದಲಿದ್ದ ಹೆಸರೇ ಬರಬೇಕು.

‘ಇದರಲ್ಲಿ ಕಷ್ಟ ಏನವ್ವ?’ ಅಂದೆ.

‘ಮಾಮೂಲಿ ಹೆಸರಿಗೆ ಕಷ್ಟ ಇಲ್ಲ ಮಾವ. ಮಾಮೂಲಿ ಅಲ್ಲದ ಹೆಸರಿಗೆ ಕಷ್ಟ’ ಅಂದಳು.

ಅಲ್ಲಿಂದ ನನಗೆ ನಿದ್ದೆ ಹಾರಿಹೋಯ್ತು. ನಾವು ಯಾವಾಗ ಮಾಮೂಲಿ ಆಗಿದ್ವಿ?

ಅವಳು ತೋರಿಸಿದ್ದು ಮೂರು ಉದಾಹರಣೆ. ಮೊದಲನೇದು ಮಧ್ಯೆ ಜಾಗ ಇರೋ ಹೆಸರು. ‘ಭೀಮಾ ಕೋರೆಗಾಂವ್’ ಅನ್ನೋದನ್ನ ಒಂದೇ ಹೆಸರು ಅಂತ ಒಳಗಿಟ್ಟಿದ್ದೀರಿ ಅನ್ಕೊಳ್ಳಿ. ಸುಮ್ಮನೆ ಬರೆದರೆ ವಾಪಸ್ ಓದೋ ಯಂತ್ರ ಜಾಗ ನೋಡಿ ಎರಡು ಹೆಸರು ಅಂದ್ಕೊಳ್ಳುತ್ತೆ. ಭೀಮಾ ಬೇರೆ, ಕೋರೆಗಾಂವ್ ಬೇರೆ. ಎರಡನೇದು ಅಂಕಿಯ ಹಾಗೆ ಕಾಣೋ ಹೆಸರು. 12 ಅಂತಲೇ ಒಂದು ಹೆಸರು ಇದ್ದರೆ, ವಾಪಸ್ ಓದುವಾಗ ಅದು ಹೆಸರಾಗಿ ಉಳಿಯಲ್ಲ, ಹನ್ನೆರಡು ಅನ್ನೋ ಸಂಖ್ಯೆ ಆಗುತ್ತೆ. ಇದು ನಮಗೆ ಹೊಸದಲ್ಲ. ಮ್ಯಾನ್‌ಹೋಲಿಗೆ ಇಳಿದು ಸತ್ತವರು ಮಾರನೇ ದಿನ ಪೇಪರಿನಲ್ಲಿ ‘ಇಬ್ಬರು ಕಾರ್ಮಿಕರು’ ಆಗಿ ಬರ್ತಾರಲ್ಲ, ಅದೇ.

ಮೂರನೇದು ನೋಡಿ ಸುಮ್ಮನಾಗಿಬಿಟ್ಟೆ. ಖಾಲಿ ಹೆಸರು. ಒಂದೂ ಅಕ್ಷರ ಇಲ್ಲದ ಹೆಸರು. ಸ್ಕೀಮ್‌ನಲ್ಲಿ ಅದೂ ಒಂದು ಸಿಂಬಲ್ಲೇ, ಅದಕ್ಕೂ ಪಟ್ಟಿಯಲ್ಲಿ ಒಂದು ಸ್ಥಾನ ಇದೆ. ಊರು, ಖಾಲಿ, ಕೇರಿ ಅಂತ ಮೂರು ಇರೋ ಪಟ್ಟಿಯನ್ನ ಸುಮ್ಮನೆ ಬರೆದರೆ ಹೀಗೆ ಬರುತ್ತೆ:

(ಊರು ಕೇರಿ)

ವಾಪಸ್ ಓದಿದರೆ ಎರಡೇ. ಮೂರು ಜನ ಹೋದರು, ಇಬ್ಬರು ಬಂದರು. ಕೊಂದವರಿಲ್ಲ, ಓಡಿಸಿದವರಿಲ್ಲ, ಎಲ್ಲೂ ದಾಖಲೆ ಇಲ್ಲ. ಬರೆಯುವಾಗಲೇ ಒಬ್ಬರು ಮಾಯ.

ಇದಕ್ಕೆ ಸ್ಕೀಮ್‌ನಲ್ಲಿರೋ ದಾರಿ ಎರಡು ಉದ್ದ ಗೆರೆ. ಹೆಸರಿನ ಈ ಕಡೆ ಒಂದು, ಆ ಕಡೆ ಒಂದು. |ಭೀಮಾ ಕೋರೆಗಾಂವ್| ಅಂತ ಬರೆದರೆ ಗೆರೆಯೊಳಗಿರೋದೆಲ್ಲ ಸೇರಿ ಒಂದೇ ಹೆಸರು. |12| ಅಂದ್ರೆ ಇದು ಲೆಕ್ಕ ಅಲ್ಲ, ಹೆಸರು. ಖಾಲಿ ಹೆಸರಿಗೂ ಗೆರೆ ಇದೆ:

(ಊರು || ಕೇರಿ)

ಈಗ ಎಣಿಸಿ. ಮೂರು. ಇಲ್ಲಿ ಒಬ್ಬರಿದ್ದಾರೆ, ಅವರ ಹೆಸರಿನ ಜಾಗ ಖಾಲಿ ಇದೆ, ಹಾಗಂತ ಅವರನ್ನ ಬಿಟ್ಟು ಎಣಿಸಬೇಡಿ ಅಂತ ಆ ಎರಡು ಗೆರೆ ಹೇಳುತ್ತೆ.

ನಮ್ಮ ಪಟ್ಟಿಯ 61ನೇ ಮನೆ ಸಿಕ್ಕಿದ್ದೂ ಹಾಗೇ. ಒಬ್ಬಳು ಅಜ್ಜಿ. ತಂದೆ ಅಥವಾ ಗಂಡನ ಹೆಸರು ಅನ್ನೋ ಕಾಲಂ ಖಾಲಿ. ಕನ್ವರ್ಟ್ ಮಾಡೋ ಪ್ರೋಗ್ರಾಮು ಒಂದು ಮನೆ ಖಾಲಿ ಇರೋ ಸಾಲನ್ನ ‘ಸರಿ ಇಲ್ಲ’ ಅಂತ ದಾಟಿಕೊಂಡು ಹೋಗಿತ್ತು. ಸಂಘದ ಹಳೇ ಕೈಬರಹದ ಪುಸ್ತಕ ಇದ್ದಿದ್ದಕ್ಕೆ ಸಿಕ್ಕಿದಳು. ಪುಸ್ತಕಕ್ಕೆ ಗೆದ್ದಲು ಹಿಡಿದಿದ್ದರೆ ಅಜ್ಜಿಗೆ ಹಕ್ಕುಪತ್ರ ಇಲ್ಲ.

ಖಾಲಿ ಕಾಲಂ ಅಂದರೆ ಏನು ಅಂತ ನಮಗೆ ಗೊತ್ತು. ಇದೇ ಬಡಾವಣೆಯಲ್ಲಿ ರೂಮು ಹುಡುಕುವಾಗ ಹೆಸರು ಹೇಳಿದ ಮೇಲೆ ‘ಪೂರ್ತಿ ಹೆಸರು?’ ಅಂತ ಕೇಳಿದ ಮನೆ ಒಂದೆರಡಲ್ಲ. ನನ್ನ ಹೆಸರು ಇರೋದೇ ಅಷ್ಟು. ಅವರಿಗೆ ಬೇಕಾಗಿದ್ದು ಹೆಸರಿನ ಮುಂದಿನ ಬಾಲ. ಬಾಲ ಇಲ್ಲ ಅನ್ನೋದೇ ಅವರಿಗೆ ಉತ್ತರ. ದಕ್ಷಿಣ ಭಾರತದ ಲಕ್ಷಾಂತರ ಜನರಿಗೆ ಒಂದೇ ಹೆಸರು. ಹಾಗಿದ್ದೂ ಅಮೆರಿಕದ ವೀಸಾದಲ್ಲಿ ಅಂಥವರ ಖಾಲಿ ಜಾಗಕ್ಕೆ ‘ಎಫ್‌ಎನ್‌ಯು’ ಅಂತ ತುಂಬುತ್ತಾರೆ, ‘ಮೊದಲ ಹೆಸರು ಗೊತ್ತಿಲ್ಲ’ ಅನ್ನೋದರ ಮೊಟಕು. ಅಮ್ಮ ಇಟ್ಟ ಹೆಸರು ಅಲ್ಲೇ ಪಕ್ಕದಲ್ಲಿ ಇರುತ್ತೆ. ಆದರೂ ಗೊತ್ತಿಲ್ಲ!

ಸ್ಕೀಮ್‌ನಲ್ಲಿ ಬರೆಯೋದಕ್ಕೆ ಇನ್ನೊಂದು ದಾರಿ ಇದೆ, ‘ಡಿಸ್‌ಪ್ಲೇ’ ಅಂತ. ಅದು ಗೆರೆ ಗಿರೆ ಹಾಕಲ್ಲ, ನೋಡೋಕೆ ಚೆನ್ನಾಗಿ ಕಾಣೋ ಹಾಗೆ ಬರೆಯುತ್ತೆ. ಮನುಷ್ಯರು ನೋಡಿ ಖುಷಿಪಡೋಕೆ ಅದು. ವಾಪಸ್ ಓದಿದರೆ ಅದೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ರೈಟ್‌ನಲ್ಲಿ ಅಂದ ಇಲ್ಲ, ಗ್ಯಾರಂಟಿ ಇದೆ. ಇದು ನಮ್ಮ ರಾಜಕೀಯಕ್ಕೂ ಬರೋ ಮಾತು. ಏಪ್ರಿಲ್ 14ಕ್ಕೆ ಸರ್ಕಲ್ಲಿನಲ್ಲಿ ಕಟ್ಟೋ ಫ್ಲೆಕ್ಸು ಡಿಸ್‌ಪ್ಲೇ. ಪಹಣಿ, ಹಕ್ಕುಪತ್ರ, ಎಫ್‌ಐಆರ್ ರೈಟ್. ಫ್ಲೆಕ್ಸಿನಲ್ಲಿ ನಮ್ಮ ಹೆಸರು ಹಾಕೋಕೆ ಎಲ್ಲ ಪಕ್ಷದವರೂ ತಯಾರು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಹಾಕಿ ನೋಡೋಣ.

ಇನ್ನು ಜಗಳದ ವಿಷಯ. ಸ್ಕೀಮ್ ಭಾಷೆಯ ನಿಯಮಪುಸ್ತಕ ಹಲವು ಸಲ ಪರಿಷ್ಕರಣೆ ಆಗಿದೆ. 2013ರ ಏಳನೇ ಪರಿಷ್ಕರಣೆ ಏನು ಹೇಳುತ್ತೆ ಅಂದರೆ, ಆಸ್ಕಿ ಅಲ್ಲದ ಅಕ್ಷರ ಇರೋ ಹೆಸರನ್ನ ರೈಟ್ ಮಾಡುವಾಗ ಗೆರೆಯೊಳಗೆ ಇಡಬೇಕು. ಆಸ್ಕಿ ಅಂದರೆ 1963ರಲ್ಲಿ ಅಮೆರಿಕದವರು ಮಾಡಿಕೊಂಡ ಅಕ್ಷರಗಳ ಪಟ್ಟಿ, ಒಟ್ಟು 128 ಜಾಗ, ಅದರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಇಲ್ಲ. ಅಂದರೆ ಇಂಗ್ಲಿಷ್ ಹೆಸರು ಗೆರೆ ಇಲ್ಲದೆ ಓಡಾಡಬಹುದು. ಕನ್ನಡದ ಹೆಸರಿಗೆ, ತಮಿಳು, ಅರಬ್ಬಿ, ಚೀನಿ ಹೆಸರಿಗೆಲ್ಲ ಗೆರೆ.

‘ಇದು ಕೇರಿ ಕಣವ್ವ’ ಅಂದೆ. ‘ಊರೊಳಗಿರೋನಿಗೆ ಬೇಲಿ ಇಲ್ಲ, ನಮಗೆ ಮಾತ್ರ ಬೇಲಿ.’

ಅವಳು ಒಪ್ಪಲಿಲ್ಲ. ‘ಮಾವ, ಬೇಲಿ ಹಾಕೋದು ಒಳಗೆ ಬರಬೇಡಿ ಅನ್ನೋಕೆ. ಈ ಗೆರೆ ಹಾಕೋದು ಹೆಸರು ಎಲ್ಲಿಗೆ ಹೋದರೂ ಒಡೆಯದೆ ತಲುಪಲಿ ಅಂತ. ಕನ್ನಡ ಬರದಿರೋ ಯಂತ್ರದ ಮುಂದೆ ಗೆರೆ ಇಲ್ಲದೆ ಹೋದರೆ ಅದು ಎಲ್ಲಿ ಬೇಕಾದರೂ ತುಂಡು ಮಾಡುತ್ತೆ. ಗೆರೆಯೊಳಗಿದ್ದರೆ ಕೈ ಹಾಕೋ ಹಾಗಿಲ್ಲ.’

ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಅವಳು ಹೇಳಿದ್ದು ಮೀಸಲಾತಿ ವಿರೋಧಿಗಳಿಗೆ ನಾವು ಹೇಳೋ ಉತ್ತರವೇ. ‘ನಿಮ್ಮನ್ನ ಬೇರೆ ಇಟ್ಟಿದ್ದು ತಪ್ಪು ಅಂತೀರಿ, ಮತ್ತೆ ಬೇರೆ ಪಟ್ಟಿ ಕೇಳ್ತೀರಿ’ ಅಂತ ಅವರು ಕೇಳ್ತಾರೆ. ಹೊರಗಿಡೋಕೆ ಎಳೆದ ಗೆರೆ ಬೇರೆ, ಉಳಿಸೋಕೆ ಎಳೆದ ಗೆರೆ ಬೇರೆ. ಬಾಬಾಸಾಹೇಬರು ಸಂವಿಧಾನದಲ್ಲಿ ಎಳೆದದ್ದು ಎರಡನೇ ಗೆರೆ.

ಆದರೂ ಅವಳಿಗೆ ಇನ್ನೊಂದು ಮಾತು ಹೇಳಿದೆ, ಅದನ್ನ ಅವಳೂ ಒಪ್ಪಿದಳು. ಗೆರೆ ಬೇಕಾಗಿ ಬಂದದ್ದು ಕನ್ನಡದ ದೋಷದಿಂದ ಅಲ್ಲ. ಮೊದಲ ಪಟ್ಟಿ ಮಾಡಿದವರು ತಮ್ಮ ಅಕ್ಷರ ಮಾತ್ರ ಬರೆದುಕೊಂಡು ಅದೇ ಲೋಕ ಅಂದ್ಕೊಂಡರು, ಅದರಿಂದ. ‘ವಿಚಿತ್ರ ಹೆಸರು’ ಅಂತ ಯಾವ ಹೆಸರೂ ಹುಟ್ಟೋದಿಲ್ಲ. ಓದೋನಿಗೆ ಬರದೆ ಇದ್ದಾಗ ಅದು ವಿಚಿತ್ರ ಆಗುತ್ತೆ. ಅದೂ ಅಲ್ಲದೆ ಒಬ್ಬೊಬ್ಬರ ಗೆರೆ ಒಂದೊಂದು ಥರ. ಗೈಲ್ ಅನ್ನೋ ಸ್ಕೀಮು ಉದ್ದ ಗೆರೆ ಬದಲು ಹ್ಯಾಶ್ ಗುರುತು, ಹೂಬ್ರಾಕೆಟ್ಟು ಹಾಕುತ್ತೆ. ಒಂದು ಕಚೇರಿಯ ಸರ್ಟಿಫಿಕೇಟು ಇನ್ನೊಂದು ಕಚೇರಿಯಲ್ಲಿ ನಡೆಯದ ಹಾಗೆ, ಒಂದರಲ್ಲಿ ಬರೆದದ್ದನ್ನ ಇನ್ನೊಂದು ಓದದೆ ಇರಬಹುದು.

ಹಳೇ ಸ್ಕೀಮಿನ ಇನ್ನೊಂದು ಕಥೆ ಕೇಳಿ. 1998ರ ಐದನೇ ಪರಿಷ್ಕರಣೆವರೆಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಒಂದೇ ಅಂತ ಓದೋದು ನಿಯಮವಾಗಿತ್ತು. 2007ರ ಆರನೇ ಪರಿಷ್ಕರಣೆಯಲ್ಲಿ ಅದು ಹೋಯ್ತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನೋ ಮೇಲು ಕೀಳೇ ಇಲ್ಲ, ಅಷ್ಟರ ಮಟ್ಟಿಗೆ ಕನ್ನಡ ಬಚಾವ್. ಆದರೆ ಎರಡನ್ನ ಒಂದು ಮಾಡಿ ಬರೆದುಬಿಟ್ಟರೆ ವಾಪಸ್ ಬಿಡಿಸೋಕಾಗಲ್ಲ ಅನ್ನೋ ಪಾಠ ನಮಗೂ ಇದೆ.

ಆದಿ ಕರ್ನಾಟಕ, ಆದಿ ದ್ರಾವಿಡ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೈಗುಳವಾಗಿದ್ದ ಹೆಸರುಗಳ ಬದಲು ಮಾನದ ಹೆಸರು ಬೇಕು ಅಂತ ಬಂದವು. ಆ ಆಸೆ ದೊಡ್ಡದು, ಅದನ್ನ ಹೀಗಳೆಯಬೇಡಿ. ಆದರೆ ಒಂದು ಜಿಲ್ಲೆಯಲ್ಲಿ ಆದಿ ಕರ್ನಾಟಕ ಅಂದರೆ ಹೊಲೆಯರು, ಇನ್ನೊಂದು ಜಿಲ್ಲೆಯಲ್ಲಿ ಮಾದಿಗರು. ರಿಜಿಸ್ಟರಿನಲ್ಲಿ ‘ಎ.ಕೆ.’ ಅಂತ ಎರಡಕ್ಷರ. ಅದನ್ನ ವಾಪಸ್ ಓದಿ ಯಾರು ಯಾರು ಅಂತ ಹೇಳೋಕೆ ಆಗದೆ ಒಳಮೀಸಲಾತಿ ದಶಕಗಟ್ಟಲೆ ಒದ್ದಾಡಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಉಪವರ್ಗೀಕರಣ ಮಾಡಬಹುದು ಅಂದಮೇಲೆ, 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಮನೆ ಮನೆಗೆ ಹೋಗಿ ‘ಮೂಲ ಜಾತಿ ಹೇಳಿ’ ಅಂತ ಮತ್ತೆ ಕೇಳಬೇಕಾಯ್ತು. ಯಾಕೆ? ಹಳೇ ಬರಹದಲ್ಲಿ ಆ ಮಾಹಿತಿ ಉಳಿದೇ ಇರಲಿಲ್ಲ. ಎಡಗೈ ಬಲಗೈ ಜಗಳ ಹಚ್ಚೋಕೆ ಇದನ್ನ ಹೇಳ್ತಿಲ್ಲ. ಬರೆಯುವಾಗ ಕಳೆದದ್ದನ್ನ ಓದುವಾಗ ತರೋಕಾಗಲ್ಲ ಅಂತ ಹೇಳ್ತಿದ್ದೀನಿ.

ಇನ್ನೊಂದು ಮೊಕದ್ದಮೆ ನಮ್ಮ ಹುಡುಗರು ಓದಲೇಬೇಕು. ಬಿ. ಬಸವಲಿಂಗಪ್ಪ ವಿರುದ್ಧ ಡಿ. ಮುನಿಚಿನ್ನಪ್ಪ, 1964ರ ಸುಪ್ರೀಂ ಕೋರ್ಟ್ ತೀರ್ಪು. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಮೈಸೂರಿಗೆ ‘ಭೋವಿ’ ಅಂತ ಅಚ್ಚಾಗಿತ್ತು. ಮೀಸಲು ಕ್ಷೇತ್ರದಲ್ಲಿ ಗೆದ್ದವರು ವಡ್ಡರು. ವಡ್ಡರು ಅನ್ನೋ ಹೆಸರು ಪಟ್ಟಿಯಲ್ಲಿಲ್ಲ, ಆಯ್ಕೆ ರದ್ದು ಮಾಡಿ ಅಂತ ಕೇಸು. ಕೋರ್ಟು ಸಾಕ್ಷ್ಯ ನೋಡಿತು. ವಡ್ಡರೇ ತಮ್ಮನ್ನ ಭೋವಿ ಅಂತ ಕರೆಯಬೇಕು ಅಂತ ಕೇಳಿದ್ದರು, ಮೈಸೂರು ಸರ್ಕಾರ 1946ರಲ್ಲಿ ಹಾಗೇ ಆದೇಶ ಮಾಡಿತ್ತು, ಅಲ್ಲಿ ಬೇರೆ ಯಾವ ಭೋವಿ ಜಾತಿಯೂ ಇರಲಿಲ್ಲ. ಹಾಗಾಗಿ ಭೋವಿ ಅಂದರೆ ವಡ್ಡರೇ ಅಂತ ಓದಿತು. ಆಯ್ಕೆ ಉಳಿಯಿತು. ಆದರೆ ಅಂಥ ಓದಿಗೆ ಈಗ ಬಾಗಿಲು ಬಹಳ ಕಿರಿದು. 2000ದ ಮಿಲಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಟ್ಟಿಯನ್ನ ಇದ್ದದ್ದು ಇದ್ದ ಹಾಗೇ ಓದಬೇಕು ಅಂದುಬಿಟ್ಟಿದೆ. ಕಾಗುಣಿತ ಒಂದೇ ಆದರೆ ಒಂದೇ, ಬೇರೆ ಆದರೆ ಬೇರೆ. ಸಿಂಬಲ್ಲಿನ ನಿಯಮವೇ. ಹಾಗಿರುವಾಗ ತಹಶೀಲ್ದಾರ್ ಕಚೇರಿಯ ಆಪರೇಟರ್ ಒಂದು ಒತ್ತಕ್ಷರ ಬಿಟ್ಟರೂ ಅದು ಚಿಕ್ಕ ತಪ್ಪಲ್ಲ.

ಒತ್ತಕ್ಷರ ಅಂದಾಗ ನೆನಪಾಯ್ತು. ಈ ಬಡಾವಣೆಯ ಹೆಸರನ್ನೇ ತಗೊಳ್ಳಿ. ಕೃಷ್ಣಮೂರ್ತಿಪುರಂ. ‘ಮೂರ್ತಿ’ ಅನ್ನುವಾಗ ಬಾಯಲ್ಲಿ ಮೊದಲು ಬರೋದು ರ್, ಆಮೇಲೆ ತಿ. ಬರೆಯುವಾಗ ಮೊದಲು ತಿ, ಆಮೇಲೆ ಅರ್ಕಾವೊತ್ತು. ಹಳೇ ಫಾಂಟುಗಳು ಕಣ್ಣಿಗೆ ಕಾಣೋ ಕ್ರಮದಲ್ಲಿ ಅಕ್ಷರದ ತುಂಡುಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇಟ್ಟಿವೆ. ಯೂನಿಕೋಡ್ ಬಾಯಲ್ಲಿ ಬರೋ ಕ್ರಮದಲ್ಲಿ ಇಡುತ್ತೆ. ಕನ್ವರ್ಟ್ ಮಾಡುವಾಗ ಪ್ರತಿ ಅರ್ಕಾವೊತ್ತನ್ನೂ ಎತ್ತಿ ಹಿಂದಕ್ಕೆ ಇಡಬೇಕು. ಎಲ್ಲಿ ತಪ್ಪಿದರೂ ಹೆಸರು ಹೋಯ್ತು.

ಯೂನಿಕೋಡ್ ಆದರೂ ನಿಶ್ಚಿಂತೆ ಇಲ್ಲ. ಅಂಬೇಡ್ಕರ್, ಅಂಬೇಡ್‌ಕರ್, ಅಂಬೇಡಕರ್. ಮೂರೂ ಹೆಸರು ನಮ್ಮದೇ ಕರಪತ್ರಗಳಲ್ಲಿವೆ. ಮೊದಲನೇದರಲ್ಲಿ ಕಂಪ್ಯೂಟರಿಗೆ 9 ಗುರುತು. ಎರಡನೇದರಲ್ಲಿ ‘ಡ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿ 10. ಒತ್ತಕ್ಷರ ಕೂಡಬೇಡ ಅಂತ ಹೇಳೋ ಆ ಗುರುತಿಗೆ ಅಗಲವೇ ಇಲ್ಲ. ನಮಗೆ ಬಾಬಾಸಾಹೇಬರು ಒಬ್ಬರೇ. ಯಂತ್ರಕ್ಕೆ ಮೂರು ಜನ. ಒಂದನ್ನ ಹುಡುಕಿದರೆ ಇನ್ನೆರಡು ಇರೋ ಬರಹ ಸಿಗದೇ ಹೋಗಬಹುದು.

ಈಗ ಸ್ಟೇಷನ್ನಿಗೆ ಬರೋಣ. ಬರೆದದ್ದನ್ನ ವಾಪಸ್ ಓದಿ ನೋಡಬೇಕು ಅನ್ನೋ ನಿಯಮ ಸ್ಕೀಮ್‌ನಲ್ಲಿ ಮಾತ್ರ ಇಲ್ಲ, ನಮ್ಮ ಕಾನೂನಿನಲ್ಲೂ ಇದೆ. ಬಾಯಿಮಾತಿನಲ್ಲಿ ಕೊಟ್ಟ ದೂರನ್ನ ಬರೆದುಕೊಂಡು ದೂರು ಕೊಟ್ಟವರಿಗೆ ಓದಿ ಹೇಳಬೇಕು ಅಂತ ಹಳೇ ಸಿಆರ್‌ಪಿಸಿ 154ರಲ್ಲಿತ್ತು, ಈಗಿನ ಬಿಎನ್‌ಎಸ್‌ಎಸ್ 173ರಲ್ಲೂ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದಾಗ 4ನೇ ಕಲಂನಲ್ಲಿ ಸರ್ಕಾರಿ ನೌಕರನ ಕರ್ತವ್ಯಗಳ ಪಟ್ಟಿ ಬಂತು. ಅದರಲ್ಲಿ ಮೊದಲನೆಯದೇ ಇದು: ಸಹಿ ಹಾಕಿಸಿಕೊಳ್ಳೋ ಮೊದಲು ಓದಿ ಹೇಳಬೇಕು. ಬೇಕೂಂತಲೇ ಆ ಕರ್ತವ್ಯ ಮಾಡದ, ಪರಿಶಿಷ್ಟರಲ್ಲದ ನೌಕರನಿಗೆ 6 ತಿಂಗಳಿಗೆ ಕಡಿಮೆ ಇಲ್ಲದ, 1 ವರ್ಷದವರೆಗಿನ ಜೈಲು. ಈ ಕಲಂ ಬಾಯಿಪಾಠ ಮಾಡಿ.

ಯಾಕೆಂದರೆ ಅಲ್ಲಿ ಕಳೆಯೋದು ಒತ್ತಕ್ಷರ ಅಲ್ಲ. ‘ಜಾತಿ ಹಿಡಿದು ಬೈದರು’ ಅಂತ ನಮ್ಮವರು ಹೇಳಿರ್ತಾರೆ, ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಅಂತ ಬರೆದಿರ್ತಾರೆ. ಕೋರ್ಟಿನಲ್ಲಿ ವಾಪಸ್ ಓದಿದಾಗ ಜಾತಿ ಇಲ್ಲ. ಜಾತಿ ಇಲ್ಲ ಅಂದಮೇಲೆ ಕೇಸಿಗೆ ಜೀವ ಇಲ್ಲ.

ಆದ್ದರಿಂದ ಸಂಘದ ಗೆಳೆಯರಿಗೆ ನನ್ನ ಕೋರಿಕೆ:

1. ಹಳೇ ಪಟ್ಟಿ ಕನ್ವರ್ಟ್ ಮಾಡೋ ಮೊದಲು ಹೆಸರು ಎಣಿಸಿ, ಆಮೇಲೂ ಎಣಿಸಿ. ಎರಡೂ ಲೆಕ್ಕ ಪಟ್ಟಿಯ ಕೆಳಗೆ ಬರೆದಿಡಿ.

2. ಖಾಲಿ ಕಾಲಂ ಖಾಲಿ ಬಿಡಬೇಡಿ. ‘ಇಲ್ಲ’ ಅಂತ ಬರೆಯಿರಿ. ಇಲ್ಲ ಅನ್ನೋದೂ ಒಂದು ಉತ್ತರ.

3. ಮೂಲ ಫೈಲು, ಕೈಬರಹದ ಪುಸ್ತಕ ಎಸೆಯಬೇಡಿ.

4. ಯಾರ ಹೆಸರನ್ನೂ ನೀವೇ ‘ಸರಿ’ ಮಾಡೋಕೆ ಹೋಗಬೇಡಿ. ಕೆಂಪಿ ಅಂದರೆ ಕೆಂಪಿ ಅಂತಲೇ ಬರೆಯಿರಿ. ಕೆಂಪಮ್ಮ ಅನ್ನೋದು ಗೌರವ ಇರಬಹುದು, ಆದರೆ ರೇಷನ್ ಕಾರ್ಡಿನಲ್ಲಿ ಅವಳು ಬೇರೆಯವಳಾಗ್ತಾಳೆ.

5. ಬರೆದಾದ ಮೇಲೆ ಅವರ ಮುಂದೆಯೇ ಗಟ್ಟಿಯಾಗಿ ಓದಿ. ಅವರು ಹೂಂ ಅಂದಮೇಲೆ ಹೆಬ್ಬೆಟ್ಟು.

ಸ್ಟೇಷನ್ನಿನಲ್ಲಿ, ನಾಡಕಚೇರಿಯಲ್ಲಿ, ಸರ್ವೆಗೆ ಮನೆಗೆ ಬಂದವರ ಹತ್ತಿರ, ಪೆನ್ನು ಕೈಗೆ ಕೊಟ್ಟ ಕೂಡಲೇ ಸಹಿ ಹಾಕಬೇಡಿ. ‘ಏನು ಬರೆದಿದ್ದೀರಿ, ಓದಿ ಹೇಳಿ ಸ್ವಾಮಿ’ ಅನ್ನಿ. ಟೈಮಿಲ್ಲ ಅಂದರೆ ಮತ್ತೊಮ್ಮೆ ಅನ್ನಿ. ನಮಗೆ ಓದೋಕೆ ಬಂದರೂ ಅನ್ನಿ. ಇದರಲ್ಲಿ ಅವರ ದಯೆ ಏನಿಲ್ಲ, ಇದು ಅವರ ಕರ್ತವ್ಯ.

ಜೈ ಭೀಮ್.